ಹೂಳು

ಮಳೆ ಬಿದ್ದು ನಲವತ್ತೊಂದು ದಿನ.
ಊರಿಗೆಲ್ಲ ಇದು ಬರಗಾಲ, ಪತ್ರಿಕೆಯಲ್ಲಿ ದಪ್ಪಕ್ಷರ,
ಹುಲ್ಲಿಗೆ ನೀರು ಹಾಕಿದರೆ ದಂಡ.
ನಮಗೆ ಮಾತ್ರ ಸುಗ್ಗಿ.

ಹೆಸ್ಟರ್ ಪೆಲ್ ಬೆಳಿಗ್ಗೆ ಆರಕ್ಕೇ ಫೋನು ಮಾಡಿದಳು:
"ಬಾರ್ಲಿ ತಿರುಗುತ್ತಿದೆ. ಇವತ್ತು, ನಾಳೆ, ಅಷ್ಟೆ.
ಆಮೇಲೆ ಎಲ್ಲ ಒಂದೇ ಹಳದಿ."

ಪುಟ್ಟ ವಿಮಾನ. ಕಿಟಕಿ ಎತ್ತಿ ಕಟ್ಟಿದ ಕಡೆ ನಾನು,
ತೊಡೆಯ ಮೇಲೆ ಕ್ಯಾಮೆರಾ, ದವಡೆಯಲ್ಲಿ ಶುಂಠಿ ಪೆಪ್ಪರಮಿಂಟು.
ಅವಳು ಒಂದು ರೆಕ್ಕೆ ಕೆಳಗೆ ವಾಲಿಸಿ ಗಿರಕಿ ಹೊಡೆಸಿದರೆ
ನನ್ನ ಹೊಟ್ಟೆ ಒಂದು ಸುತ್ತು ಹಿಂದೆಯೇ ಉಳಿಯುತ್ತದೆ.

ಕೆಳಗೆ ಫೆನ್ ನಾಡು. ಸಮುದ್ರಕ್ಕಿಂತ ಮೊಳ ತಗ್ಗು,
ಬಸಿದು ಬಸಿದು ಒಣಗಿಸಿಕೊಂಡ ನೆಲ, ಮಣೆಯಂತೆ ಮಟ್ಟಸ.
ಮೊದಲು ಏನೂ ಇಲ್ಲ. ಟ್ರ್ಯಾಕ್ಟರಿನ ಜಾಡು,
ಒಂದು ಇಗರ್ಜಿ, ಅದರ ನೆರಳು.
ಆಮೇಲೆ ಸೂರ್ಯ ಒಂದಂಗುಲ ಸರಿದನೋ,
ಸರಿದದ್ದು ನಾವೋ,
ಹಳದಿಯ ಒಳಗಿಂದ ಒಂದು ಹಸಿರು ಗೆರೆ,
ಇನ್ನೊಂದು, ಅದಕ್ಕೆ ಅಡ್ಡಲಾಗಿ ಮತ್ತೊಂದು,
ಹಲಗೆಯ ಮೇಲೆ ಯಾರೋ ಒದ್ದೆ ಬೆರಳಲ್ಲಿ ಎಳೆದು
ಎದ್ದು ಹೋದ ಹಾಗೆ.

ಬಸಿಗಾಲುವೆಗಳು.
ಕೆಲವು ರೋಮನ್ನರ ಕಾಲದವು, ಕೆಲವು ಅದಕ್ಕೂ ಹಿಂದಿನವು.
ಅಂಗೈಯಲ್ಲಿ ಬೊಬ್ಬೆ ಎದ್ದಾಗ ತೋಡಿದವರು
ಯಾವ ಭಾಷೆಯಲ್ಲಿ ಬೈದುಕೊಂಡರೋ.
ಅವರು ಬೇಡವೆಂದು ಅಟ್ಟಿದ ನೀರು
ಇವತ್ತು ಅಲ್ಲಿ ಮಾತ್ರ ಉಳಿದಿದೆ,
ತುಂಬಿದ ಹೂಳಿನಲ್ಲಿ, ತಣ್ಣಗೆ.
ಬೇರಿಳಿಸಿ ಅದನ್ನು ಕುಡಿದ ಬಾರ್ಲಿ
ನಾಲ್ಕು ದಿನ ತಡವಾಗಿ ಹಣ್ಣಾಗುತ್ತದೆ.
ನಮ್ಮ ಇಡೀ ಶಾಸ್ತ್ರ ನಿಂತಿರುವುದು
ಈ ನಾಲ್ಕು ದಿನದ ಸೋಮಾರಿತನದ ಮೇಲೆ.

ಚಿತ್ರಗಳನ್ನು ಹಿಡಿದು ಎಝ್ರಾ ಗ್ಯಾದರ್ಕೋಲ್ ಮನೆಗೆ ಹೋದೆ.
ಎಂಬತ್ತಮೂರು. ಹೊಲ ಈಗ ಸೋದರಸೊಸೆಯದು,
ಹೊಲದ ಬಗೆಗಿನ ಅಭಿಪ್ರಾಯ ಇನ್ನೂ ಅವನದೇ.
ಚಹಾದ ಕಪ್ಪು ಸರಿಸಿ, ಕನ್ನಡಕ ಹಣೆಗೇರಿಸಿ
ಮೂಗಿಗೆ ತಾಗುವಷ್ಟು ಹತ್ತಿರ ಹಿಡಿದ.
ನಾನು ತೋರಿಸಿದೆ: ಇದು ಎರಡನೆಯ ಶತಮಾನ. ಇದೂ.
ಇದು ನೋಡಿ, ನೇರ ಬಂದು, ಸುಮ್ಮನೆ ಮೊಣಕೈ ಮಡಚಿ,
ಮತ್ತೆ ನೇರ ಹೋಗುತ್ತದೆ. ಮಡಿಕೆಯೊಳಗೆ ಹಸಿರು ಕಲೆ.
ಏನನ್ನೋ ಬಳಸಿದ್ದಾರೆ. ಬಹುಶಃ ಗುಡಿ.

"ಗುಡಿ," ಅಂದ. ಬಿಸ್ಕತ್ತು ಅದ್ದಿದ.
"ಅದು ಡ್ಯಾಮ್ಸನ್."

ಹೆಣ್ಣುಕುದುರೆ. ಐವತ್ತೆರಡರ ಚಳಿಗೆ ಸತ್ತದ್ದು.
ಕಟುಕರ ಲಾರಿಗೆ ಕೊಡಲಾರದೆ ಅಪ್ಪ ಅಲ್ಲೇ ಹೂತ.
ಹೆಪ್ಪುಗಟ್ಟಿದ ಮಣ್ಣು, ಎರಡು ದಿನ, ಒಬ್ಬನೇ.
ಏಪ್ರಿಲ್ಲಿನಲ್ಲಿ ಕಾಲುವೆ ತೋಡುತ್ತ ಬಂದವನು
ಅಲ್ಲಿ ಗುದ್ದಲಿ ಊರಿ ನಿಂತ.
"ಹಗ್ಗ ಕಿತ್ತ. ಆಚೆ ಹಾಕಿದ. ಮಾತಾಡಲಿಲ್ಲ.
ಗೂಟ ಹಿಡಿದುಕೊಂಡಿದ್ದವನು ನಾನು."
ಎಪ್ಪತ್ತೊಂದರಲ್ಲಿ ಪ್ಲಾಸ್ಟಿಕ್ ಪೈಪು ಬಂತು,
ಕಾಲುವೆ ಮುಚ್ಚಿದರು, ನಾಲ್ಕು ಹೊಲ ಒಂದಾಯಿತು.

ಹೂಳು:
ತುಂಬಿಕೊಂಡ ಕೆಸರಿಗೂ ಅದೇ ಮಾತು,
ಮಣ್ಣು ಮಾಡುವುದಕ್ಕೂ ಅದೇ.

ಆಫೀಸಿಗೆ ಬಂದು ನಕ್ಷೆಯಲ್ಲಿ 'ಗುಡಿ?' ಅಳಿಸಿದೆ,
ರಬ್ಬರಿನ ಪುಡಿ ಊದಿದೆ.
ಬಡಗಣ ಅಂಚಿನಲ್ಲಿ, ಇದು ನಿಜಕ್ಕೂ ಹಳೆಯದು, ಒಂದು ಗೆರೆ
ನೇರ ಬಂದು ಚೂರು ವಾಲುತ್ತದೆ,
ಒಂದು ಆಳು ಮಲಗುವಷ್ಟು. ಅಲ್ಲಿ ಕಲೆಯೂ ಇಲ್ಲ.
ಗೂಟ ಹಿಡಿದಿದ್ದ ಹುಡುಗನನ್ನು ಎಲ್ಲಿ ಹುಡುಕಲಿ?
ಕಿಟಕಿಗೆ ಮೊದಲ ಹನಿ ಬಡಿಯಿತು.
ಷರಾ ಅಂಕಣದಲ್ಲಿ ಬರೆದೆ:
ಬಳಸಿ ಹೋಗಿದ್ದಾರೆ.